ಕಣ್ಣಿಗೆ ಅಲ್ಲೂ 'ಮತಾ' ಅನ್ನುತ್ತಾರಂತೆ: ಬುಯಾಂಗ್ ಭಾಷೆಯ ಬಗ್ಗೆ ಒಂದು ಪ್ರಶ್ನೆ

ಕನ್ನಡಕದಂಗಡಿ (ಇಪೋ, ಮಲೇಷ್ಯಾ)

ಎಲ್ಲರಿಗೂ ನಮಸ್ಕಾರ. ನಾನು ಸಾಗರದವಳು. ಹನ್ನೊಂದು ವರ್ಷದಿಂದ ಇಪೋದಲ್ಲಿದ್ದೇನೆ. ಕನ್ನಡಕದ ಅಂಗಡಿಯೊಂದರಲ್ಲಿ ಕಣ್ಣು ಪರೀಕ್ಷೆ ಮಾಡುವ ಕೆಲಸ ನನ್ನದು.

ಮಲಯ್ ಭಾಷೆಯಲ್ಲಿ ಕಣ್ಣಿಗೆ 'ಮಾತಾ' ಅನ್ನುತ್ತಾರೆ. ಕಣ್ಣು ತೆರೀರಿ ಅನ್ನೋಕೆ 'ಬುಕಾ ಮಾತಾ', ಮುಚ್ಚಿ ಅನ್ನೋಕೆ 'ತುತುಪ್ ಮಾತಾ'. ದಿನಕ್ಕೆ ನೂರು ಸಲವಾದರೂ ಈ ಮಾತು ನನ್ನ ಬಾಯಲ್ಲಿ ಬರುತ್ತದೆ. ಕನ್ನಡಕಕ್ಕೆ 'ಚರ್ಮಿನ್ ಮಾತಾ'. ಚರ್ಮಿನ್ ಅಂದರೆ ಕನ್ನಡಿ. ನಾವೂ ಕನ್ನಡಿಯಿಂದಲೇ ಕನ್ನಡಕ ಮಾಡಿಕೊಂಡೆವು ಅಲ್ವಾ? ಇದು ಹೊಳೆದ ದಿನ ಇಡೀ ಮಧ್ಯಾಹ್ನ ಖುಷಿಯಾಗಿದ್ದೆ. ಅವತ್ತಿನಿಂದ ಹೀಗೆ ಮಾತುಗಳ ಬೆನ್ನು ಹತ್ತುವ ಅಭ್ಯಾಸ ಬಂದಿದೆ.

ಹೋದ ವಾರ ಬುಯಾಂಗ್ ಅನ್ನುವ ಭಾಷೆಯ ಬಗ್ಗೆ ಓದಿದೆ. ಚೀನಾದ ಯುನ್ನಾನ್ ಪ್ರಾಂತ್ಯದ ತುದಿಯಲ್ಲಿ, ಬೆಟ್ಟದ ಊರುಗಳಲ್ಲಿ, ಸುಮಾರು 2000 ಜನ ಆಡುವ ಭಾಷೆಯಂತೆ. ಕ್ರಾ ಅನ್ನುವ ಗುಂಪಿಗೆ ಸೇರಿದ್ದಂತೆ. ಅದರಲ್ಲಿ ಕಣ್ಣಿಗೆ 'ಮತಾ', ಸಾಯುವುದಕ್ಕೆ 'ಮತೇ', ಹಕ್ಕಿಗೆ 'ಮನುಕ್'! ಮಲಯ್‌ನಲ್ಲಿ ಸಾಯುವುದಕ್ಕೆ 'ಮಾತಿ'. ನನಗೆ ಮೈ ಜುಂ ಅಂದಿತು. ಇಪೋದಿಂದ ಆ ಬೆಟ್ಟಗಳು ಎಲ್ಲಿ, ಈ ಸಮುದ್ರದ ಜನ ಎಲ್ಲಿ?

ನನ್ನ ಪ್ರಶ್ನೆ ಎರಡು. ಒಂದು, ಇದು ಸುಮ್ನೆ ಹೊಂದಿಕೊಂಡದ್ದೋ, ನಿಜವಾದ ನೆಂಟಸ್ತಿಕೆಯೋ? ಎರಡು, 'ಮತಾ' ಪಕ್ಕ ಮೇಲುಗಡೆ ಚಿಕ್ಕದಾಗಿ 54 ಅಂತ ಬರೆದಿತ್ತು. 'ಮನುಕ್' ಪಕ್ಕ 11. ಎಂಟು ಅನ್ನುವ ಪದದ ಪಕ್ಕ 312. ಅಡಿಟಿಪ್ಪಣಿಯ ನಂಬರ್ ಇರಬೇಕು ಅಂತ ಪುಟದ ಕೆಳಗೆ ಹುಡುಕಿದೆ, ಇರಲಿಲ್ಲ. ಆಮೇಲೆ ಗೊತ್ತಾಯಿತು, ಅದು ದನಿಯ ಏರಿಳಿತವಂತೆ. ಹಾಗಾದರೆ ಬಾಯಲ್ಲಿ ಹೇಗೆ ಹೇಳಬೇಕು? ಗೊತ್ತಿದ್ದವರು ದಯವಿಟ್ಟು ನಿಧಾನವಾಗಿ ಹೇಳಿಕೊಡಿ.

ಹಳೆ ಟೇಪು

ಅಕ್ಕ, ನಿಮ್ಮ ಪ್ರಶ್ನೆ ನೋಡಿ ಬಹಳ ಸಂತೋಷವಾಯಿತು. ನಾನು ಭಾಷಾಶಾಸ್ತ್ರ ಓದಿದವನು. ಮೂರು ವರ್ಷ ಬ್ಯಾಂಕಾಕ್‌ನಲ್ಲಿದ್ದೆ. ಕ್ರಾ ಭಾಷೆಗಳೆಂದರೆ ನನಗೆ ಪ್ರಾಣ. ಉದ್ದ ಆಗುತ್ತದೆ, ಓದಿ.

ಮೊದಲು ನಂಬರಿನದ್ದು. ಒಂದರಿಂದ ಐದರವರೆಗೆ ಮೆಟ್ಟಿಲು ಅಂದುಕೊಳ್ಳಿ. 1 ಅಂದರೆ ನಿಮ್ಮ ದನಿಯ ತಳ, 5 ಅಂದರೆ ತುದಿ. ಚೀನಾದ ಭಾಷಾವಿದ ಯುವೆನ್ ರೆನ್ ಚಾವ್ 1930ರಲ್ಲಿ ಮಾಡಿದ ಪದ್ಧತಿ ಇದು. 54 ಅಂದರೆ ತುದಿಯಲ್ಲಿ ಶುರುವಾಗಿ ಒಂದು ಮೆಟ್ಟಿಲು ಮಾತ್ರ ಇಳಿಯುವುದು. 11 ಅಂದರೆ ತಳದಲ್ಲೇ ಸಪಾಟಾಗಿ ಇರುವುದು. 312 ಅಂದರೆ ನಡುವಿನಿಂದ ತಳಕ್ಕೆ ಇಳಿದು ಮತ್ತೆ ಸ್ವಲ್ಪ ಏಳುವುದು. ಇದಕ್ಕೆ ಶ್ರುತಿಪೆಟ್ಟಿಗೆ ಬೇಡ. ನಿಮ್ಮ ದನಿಯ ತುದಿ ನಿಮ್ಮದು, ನನ್ನದು ನನ್ನದು. ಸಂಗೀತದ ಸ್ವರದ ಹಾಗೆ ಅಳತೆ ಗಟ್ಟಿ ಇರುವುದಿಲ್ಲ.

ನಮಗೆ ಕಷ್ಟ ಎಲ್ಲಿ ಅಂದರೆ, ನಾವು ದನಿಯನ್ನು ವಾಕ್ಯಕ್ಕೆ ಹಾಕುತ್ತೇವೆ. 'ಬಂದ' ಅನ್ನುವುದನ್ನು ಏರಿಸಿದರೆ ಪ್ರಶ್ನೆ, ಇಳಿಸಿದರೆ ಉತ್ತರ. ಅವರು ಪದಕ್ಕೇ ಹಾಕುತ್ತಾರೆ. ಬ್ಯಾಂಕಾಕ್‌ಗೆ ಹೋದ ಹೊಸದರಲ್ಲಿ ಅನ್ನದ ಅಂಗಡಿಯಲ್ಲಿ 'ಖಾವ್' ಕೊಡಿ ಅಂದೆ. ಅಂಗಡಿಯಮ್ಮ ನನ್ನ ಮುಖ ನೋಡುತ್ತಾ ನಿಂತರು. ಥಾಯ್‌ನಲ್ಲಿ ಮೇಲಿಂದ ಕೆಳಗೆ ಬೀಳಿಸಿ ಹೇಳಿದರೆ ಅದು ಅನ್ನ. ನಾನು ತಗ್ಗಿನಲ್ಲೇ ಎಳೆದಿದ್ದೆ, ಅದು ಸುದ್ದಿ. ಆಯಮ್ಮ ಸೌಟು ಹಿಡಿದ ಕೈಯನ್ನೇ ತಲೆಯ ಎತ್ತರದಿಂದ ಎದೆಯವರೆಗೆ ಇಳಿಸಿ 'ಖಾವ್' ಅಂದರು. ನಾನೂ ಕೈ ಇಳಿಸಿ ಹೇಳಿದೆ. ಅನ್ನ ಬಂತು. ನೀವೂ ಕೈ ಆಡಿಸಿಕೊಂಡೇ ಅಭ್ಯಾಸ ಮಾಡಿ, ಬೇಗ ಬರುತ್ತದೆ.

ಈಗ ಬುಯಾಂಗ್. 'ಮತಾ'ದಲ್ಲಿ ಟೋನ್, ಅಂದರೆ ಈ ದನಿಯ ಏರಿಳಿತ, ಇರುವುದು 'ತಾ'ಗೆ ಮಾತ್ರ. ಮೊದಲಿನ 'ಮ'ಗೆ ಟೋನೇ ಇಲ್ಲ. ಅದನ್ನು ಮೆತ್ತಗೆ, ಗಿಡ್ಡಗೆ, ತುಟಿ ಮುಟ್ಟಿಸಿ ಬಿಟ್ಟ ಹಾಗೆ ಹೇಳಬೇಕು. ನೀವು ದಿನಾ ಹೇಳುವ ಮಲಯ್ 'ಮಾತಾ'ದಲ್ಲಿ ಎರಡಕ್ಕೂ ತೂಕ ಹೆಚ್ಚುಕಡಿಮೆ ಒಂದೇ. ಇಲ್ಲಿ ಹಾಗಲ್ಲ. ಮ-ತಾ, ಮ-ತೇ, ಮ-ನುಕ್. ಆ ಹಗುರವಾದ ಮುಂದಿನ ಅಕ್ಷರವನ್ನು ಮರೀಬೇಡಿ, ಈ ಭಾಷೆಯ ಚಿನ್ನ ಇರುವುದೇ ಅಲ್ಲಿ.

ಯಾಕೆ ಅಂತೀರಾ? ಥಾಯ್‌ನಲ್ಲಿ ಕಣ್ಣಿಗೆ ಬರೀ 'ತಾ'. ಸಾಯುವುದಕ್ಕೆ 'ತಾಯ್'. ಹಕ್ಕಿಗೆ 'ನೊಕ್'. ಬುಯಾಂಗ್ ಜನರ ಸುತ್ತಮುತ್ತ ಇರುವ ಚ್ವಾಂಗ್ ಭಾಷೆಯಲ್ಲೂ ಕಣ್ಣು ಒಂದೇ ಅಕ್ಷರ, ಸಾವು ಒಂದೇ ಅಕ್ಷರ. ಇವೆಲ್ಲ ಒಂದೇ ದೊಡ್ಡ ಕುಟುಂಬದವು, ಅದಕ್ಕೆ ಕ್ರಾ-ದಾಯ್ ಅನ್ನುತ್ತಾರೆ. ಕುಟುಂಬದ ಹೆಚ್ಚಿನ ಭಾಷೆಗಳು ಮುಂದಿನ ಅಕ್ಷರವನ್ನು ನುಂಗಿಬಿಟ್ಟಿವೆ. ಬುಯಾಂಗ್ ನುಂಗಿಲ್ಲ.

1942ರಲ್ಲೇ ಪಾಲ್ ಬೆನೆಡಿಕ್ಟ್ ಎಂಬ ಅಮೆರಿಕದ ವಿದ್ವಾಂಸರು ಥಾಯ್ ಕಡೆಯ ಭಾಷೆಗಳಿಗೂ ಇಂಡೋನೇಷ್ಯಾ ಕಡೆಯ ಭಾಷೆಗಳಿಗೂ ನೆಂಟಸ್ತಿಕೆ ಇದೆ ಅಂತ ಬರೆದರು. ತುಂಬಾ ಜನ ಒಪ್ಪಲಿಲ್ಲ. 'ತಾ' ಮತ್ತು 'ಮಾತಾ' ಒಂದೇ ಅನ್ನಬೇಕಾದರೆ 'ಮ' ಬಿದ್ದುಹೋಗಿದೆ ಅಂತ ಊಹೆ ಮಾಡಬೇಕು. ಬಿದ್ದುಹೋದದ್ದಕ್ಕೆ ಸಾಕ್ಷಿ ಏನು? 1990ರಲ್ಲಿ ಲಿಯಾಂಗ್ ಮಿನ್ ಅವರು ಬುಯಾಂಗ್ ಬಗ್ಗೆ ಬರೆದಾಗ ಆ ಸಾಕ್ಷಿ ಕೈಗೆ ಸಿಕ್ಕಿತು. ಬೀಳದೆ ಉಳಿದ 'ಮ' ಅಲ್ಲಿತ್ತು. 48 ವರ್ಷ ಆಗಿತ್ತು! ಆಮೇಲೆ ಲಿ ಜಿನ್‌ಫಾಂಗ್ ಅವರು 1999ರಲ್ಲಿ ಬುಯಾಂಗ್ ಬಗ್ಗೆಯೇ ಒಂದು ಪೂರ್ತಿ ಪುಸ್ತಕ ತಂದರು. 2000ದಲ್ಲಿ ಥಾಯ್ ವಿದ್ವಾಂಸ ವೀರ ಓಸ್ತಪಿರಾತ್ ಈ ಚಿಕ್ಕ ಚಿಕ್ಕ ಭಾಷೆಗಳನ್ನೆಲ್ಲ ಹೋಲಿಸಿ ಅವುಗಳ ಹಳೆಯ ರೂಪ ಕಟ್ಟಿದರು. ಗುಂಪಿಗೆ ಕ್ರಾ ಅಂತ ಹೆಸರಿಟ್ಟವರೂ ಅವರೇ. ಆ ಹಳೆಯ ರೂಪದಲ್ಲಿ 'ಕ್ರಾ' ಅಂದರೆ ಮನುಷ್ಯ.

ಇನ್ನೊಂದು ದನಿ ಹೇಳಲೇಬೇಕು. ಬುಯಾಂಗ್‌ನಲ್ಲಿ ತಲೆಗೆ 'ಕ಼ದು಼'. ಆ ಚುಕ್ಕಿ ಇಟ್ಟ ಕ಼ ನಮ್ಮ ಕ ಅಲ್ಲ. ನಾಲಿಗೆಯ ಬುಡ ಇನ್ನೂ ಹಿಂದೆ ಹೋಗಿ, ಕಿರುನಾಲಿಗೆ ಇರುವ ಜಾಗದಲ್ಲಿ ತಟ್ಟಬೇಕು. ಅರಬ್ಬಿಯ 'ಕ಼ಲಮ್'ನಲ್ಲಿ ಬರುವುದು ಅದೇ. ನಮ್ಮ ದಖನಿ ಉರ್ದುವಿನಲ್ಲಿ ಅದು 'ಖಲಮ್' ಆಗಿದೆ, ಹಾಗಾಗಿ ಕರ್ನಾಟಕದ ಬೀದಿಯಲ್ಲಿ ಕೇಳಿ ಕಲಿಯೋಣ ಅಂದರೆ ಸಿಗುವುದು ಕಷ್ಟ. ಥಾಯ್‌ನಲ್ಲೂ ಈ ದನಿ ಇಲ್ಲ. ಬುಯಾಂಗ್, ಗೆಲಾವೊ ಮುಂತಾದ ಕ್ರಾ ಭಾಷೆಗಳು ಇಟ್ಟುಕೊಂಡಿವೆ. ಚುಕ್ಕಿ ಇಟ್ಟ ದ಼ ಅಂದರೆ ಹಲ್ಲಿನ ನಡುವೆ ನಾಲಿಗೆಯ ತುದಿ ತೂರಿಸಿ ಗಾಳಿ ಬಿಡುವ ದ, ಇಂಗ್ಲಿಷಿನವರು 'ದಿಸ್' ಅನ್ನುವಾಗ ಬರುವಂಥದ್ದು.

ಈಗ ಇದನ್ನು ನೋಡಿ. ತಲೆ ಕ಼-ದು಼, ಟೋನ್ 11. ಎಂಟು ಮ-ದು಼, ಟೋನ್ 312. ಕೊನೆಯ ಅಕ್ಷರ ಎರಡರಲ್ಲೂ ಒಂದೇ. ನಾಳೆ ಯಾವುದೋ ಮಗು ಮುಂದಿನ ಅಕ್ಷರ ಬಿಟ್ಟು ಮಾತಾಡಿದರೆ ಉಳಿಯುವುದು ಎರಡು 'ದು಼', ಟೋನ್ ಮಾತ್ರ ಬೇರೆ. ಮನೆಯಲ್ಲಿ ಬುಯಾಂಗ್, ಸಂತೆಯಲ್ಲಿ ಚ್ವಾಂಗ್, ಶಾಲೆಯಲ್ಲಿ ಚೀನೀ. ಸಂತೆಯಲ್ಲಿ ಕಣ್ಣಿಗೆ ಒಂದೇ ಅಕ್ಷರ ಕೇಳುವ ಮಗುವಿಗೆ ಆ ಮೆತ್ತನೆಯ 'ಮ' ಭಾರ ಅನ್ನಿಸುವುದು ಸಹಜ. ನನಗೆ ಸಂಕಟ ಆಗುವುದು ಅದಕ್ಕೇ.

ಅಂದಹಾಗೆ ಊರುಗಳ ಹೆಸರು ಕೇಳಿದ್ದರೆ ಹುಡುಕಲು ಸುಲಭ: ಫುನಿಂಗ್ ಕೌಂಟಿಯ ಲಾಂಗ್‌ಜಿಯಾ, ಎಚುನ್. ವಿಯೆಟ್ನಾಂ ಗಡಿಗೆ ತಗುಲಿದ ಕೌಂಟಿ ಅದು.

ನೇರ ಮಾತು

ಟೇಪು ಸರ್, ಬರೆದದ್ದು ಚೆನ್ನಾಗಿದೆ. ಆದರೆ ಒಂದು ಅನುಮಾನ ಇದೆ, ಕೇಳಲೇಬೇಕು. ಇವತ್ತಿನ ಗ್ರೀಕ್ ಭಾಷೆಯಲ್ಲೂ ಕಣ್ಣಿಗೆ 'ಮಾತಿ' ಅನ್ನುತ್ತಾರೆ. ಗ್ರೀಕರಿಗೂ ಮಲಯ್ ಜನರಿಗೂ ನೆಂಟಸ್ತಿಕೆ ಅಂತೀರಾ? ಥಾಯ್‌ನ 'ತಾಯ್' ನಮ್ಮ 'ತಾಯಿ'ಯ ಹಾಗೇ ಕೇಳುತ್ತದೆ, ಅರ್ಥ ಮಾತ್ರ ಸಾವು. ನಾಲ್ಕು ಪದ ಹೊಂದಿದರೆ ಭಾಷೆಗಳು ಅಕ್ಕತಂಗಿ ಆಗಿಬಿಡುತ್ತವಾ? ಇನ್ನೊಂದು, ಎಂಟಕ್ಕೆ ಇಂಡೋನೇಷ್ಯಾ ಕಡೆಯ ಹಳೆಯ ರೂಪ 'ವಲು' ಅಂತ ನಾನೂ ಓದಿದ್ದೇನೆ. 'ವ' ಇರಬೇಕಾದ ಕಡೆ ಬುಯಾಂಗ್‌ನಲ್ಲಿ 'ಮ' ಇದೆ. ಅದು ಹೊಂದುವುದಿಲ್ಲವಲ್ಲ?

ಹಳೆ ಟೇಪು

ಒಳ್ಳೆಯ ಪ್ರಶ್ನೆ. ಹೀಗೆ ಕೇಳುವವರು ಇರಬೇಕು.

ಗ್ರೀಕ್ 'ಮಾತಿ' ಮೊದಲಿನಿಂದ ಹಾಗಿರಲಿಲ್ಲ. ಹಳೆಯ ಗ್ರೀಕ್‌ನಲ್ಲಿ ಕಣ್ಣಿಗೆ 'ಒಮ್ಮ' ಅಂತ ಒಂದು ಪದ ಇತ್ತು. ಅದರಿಂದ 'ಒಮ್ಮಾತಿಯೊನ್' ಆಯಿತು, ಮುಂದೆ ತಲೆ ಬಾಲ ಸವೆದು 'ಮಾತಿ'. ಹಿಂದಕ್ಕೆ ಹೋದಷ್ಟೂ ಎರಡು ದೂರ ಆಗುತ್ತವೆ. ನೆಂಟರಾದರೆ ಹಿಂದಕ್ಕೆ ಹೋದಷ್ಟೂ ಹತ್ತಿರ ಆಗಬೇಕು.

ಇನ್ನೊಂದು, ನಾವು ನೋಡುವುದು ಪದ ಒಂದೇ ಥರ ಕೇಳುತ್ತದಾ ಅಂತ ಅಲ್ಲ. ದನಿಗಳು ಸಾಲಾಗಿ, ಲೆಕ್ಕ ತಪ್ಪದೆ ಬದಲಾಗಿವೆಯಾ ಅಂತ. ತಮಿಳಿನಲ್ಲಿ ಪಾಲ್, ಪಲ್, ಪುಲಿ, ಪತ್ತು. ನಮ್ಮಲ್ಲಿ ಹಾಲು, ಹಲ್ಲು, ಹುಲಿ, ಹತ್ತು. ಹಳಗನ್ನಡದಲ್ಲಿ ನಮಗೂ 'ಪ'ನೇ ಇತ್ತು. ಅವರ 'ಪ' ಇರುವಲ್ಲಿ ನಮ್ಮ 'ಹ' ಸಾಲುಸಾಲಾಗಿ ಬರುತ್ತದೆ. ಅದಕ್ಕೇ ಯಾರೂ ಅನುಮಾನ ಪಡುವುದಿಲ್ಲ.

ಇಲ್ಲೂ ಹಾಗೇ. ಆಸ್ಟ್ರೊನೇಷ್ಯನ್ ಕುಟುಂಬದಲ್ಲಿ, ಅಂದರೆ ಮಲಯ್, ಜಾವಾ, ಫಿಲಿಪ್ಪೀನ್ಸ್ ಎಲ್ಲ ಸೇರುವ ಕುಟುಂಬದಲ್ಲಿ, ತಲೆಯ ಹಳೆಯ ರೂಪ 'ಕ಼ುಲು', ಎಂಟರದ್ದು 'ವಲು'. ಬುಯಾಂಗ್‌ನಲ್ಲಿ ಕ಼ದು಼, ಮದು಼. ಎರಡರಲ್ಲೂ 'ಲ' ಇದ್ದ ಜಾಗದಲ್ಲಿ 'ದ಼' ಇದೆ. ತಲೆಯಲ್ಲಿ ಆ ಗಂಟಲಿನ ಕ಼ ಕೂಡ ಹಾಗೇ ಕೂತಿದೆ ನೋಡಿ. ಮಲಯ್‌ನಲ್ಲಿ ಅದು ಸವೆದು 'ಹುಲು' ಆಗಿದೆ.

ಎಂಟರ 'ಮ' ವಿಚಾರದಲ್ಲಿ ನೀವು ಹೇಳಿದ್ದು ಸರಿ, ಅದು ನೇರವಾಗಿ ಹೊಂದುವುದಿಲ್ಲ. ಆದರೆ ಓಸ್ತಪಿರಾತ್ ಕಟ್ಟಿದ ಹಳೆಯ ಕ್ರಾ ರೂಪದಲ್ಲೂ ಎಂಟಕ್ಕೆ 'ಮ್-ರು' ಅಂತಲೇ ಇದೆ. ಅಂದರೆ ಇದು ಬುಯಾಂಗ್ ಒಂದೇ ಮಾಡಿಕೊಂಡ ಬದಲಾವಣೆ ಅಲ್ಲ, ಅದಕ್ಕಿಂತ ಹಳೆಯದು.

ಎಣಿಕೆ ಪೂರ್ತಿ ನೋಡಿದರೆ ಇನ್ನೂ ಚೆನ್ನ. ಥಾಯ್ ಭಾಷೆ ಮೂರರಿಂದ ಮುಂದೆ ಹತ್ತರವರೆಗೆ ಚೀನೀ ಕಡೆಯ ಅಂಕಿಗಳನ್ನು ತಂದುಕೊಂಡಿದೆ. ಕ್ರಾ ಭಾಷೆಗಳು ತಮ್ಮ ಹಳೆಯ ಅಂಕಿಗಳನ್ನೇ ಉಳಿಸಿಕೊಂಡವು. ಐದಕ್ಕೆ 'ಮಾ' ಥರದ್ದು, ಆರಕ್ಕೆ 'ನಮ್' ಥರದ್ದು. ಮಲಯ್‌ನಲ್ಲಿ ಲಿಮಾ, ಅನಮ್. ಅಕ್ಕ, ನಿಮ್ಮ ಕಡೆ ಜಾವಾದವರು ಯಾರಾದರೂ ಇದ್ದರೆ ಒಂದರಿಂದ ಹತ್ತು ಎಣಿಸೋಕೆ ಹೇಳಿ. ಹಕ್ಕಿಗೆ ಏನಂತಾರೆ ಅಂತಲೂ ಕೇಳಿ.

ಇದು ನೆಂಟಸ್ತಿಕೆ ಅಲ್ಲ, ಬಹಳ ಹಿಂದಿನ ಎರವಲು ಅಂತ ವಾದಿಸಿದವರೂ ಇದ್ದಾರೆ. ಗ್ರಹಾಂ ಥರ್ಗುಡ್ 1994ರಲ್ಲಿ ಹಾಗೆ ಬರೆದರು. ಲೊರಾಂ ಸಗಾರ್ ಅವರು ಇನ್ನೊಂದು ತುದಿ: ಕ್ರಾ-ದಾಯ್ ಇಡೀ ಕುಟುಂಬವೇ ಆಸ್ಟ್ರೊನೇಷ್ಯನ್ ಮರದ ಒಂದು ಕೊಂಬೆ ಅನ್ನುತ್ತಾರೆ. ಕಣ್ಣು, ತಲೆ, ಸಾವು, ಹಕ್ಕಿ, ಐದು, ಆರು ಇಷ್ಟೆಲ್ಲ ಒಟ್ಟಿಗೆ ಎರವಲು ಬಂತು ಅನ್ನುವುದನ್ನು ನಾನು ನಂಬುವುದಿಲ್ಲ. ನೆಂಟಸ್ತಿಕೆಯೇ.

ಜಲಂಧರ್ ಡೈರಿ

ನಮಸ್ಕಾರ. ನನಗೆ ಭಾಷಾಶಾಸ್ತ್ರ ಗೊತ್ತಿಲ್ಲ. ನಮ್ಮ ಯಜಮಾನರು ಸೈನ್ಯದಲ್ಲಿದ್ದರು, ಹಾಗಾಗಿ ಆರು ವರ್ಷ ಜಲಂಧರ್‌ನಲ್ಲಿದ್ದೆವು. ಟೋನ್ ಅಂದಾಗ ಪಂಜಾಬಿ ನೆನಪಾಯಿತು.

ಅಲ್ಲಿ ಬರೆಯುವುದು 'ಘೋಡಾ', ಹೇಳುವುದು 'ಕೋಡಾ'. ಬರೆಯುವುದು 'ಘರ್', ಹೇಳುವುದು 'ಕರ್'. ಕ್ರಿಕೆಟ್ ನೋಡುವವರಿಗೆ 'ಪಾಜಿ' ಗೊತ್ತಲ್ಲ, ಅದನ್ನು ಬರೆಯುವುದು 'ಭಾಜಿ' ಅಂತ. ನಾನು ಪಕ್ಕದ ಮನೆಯ ಬೀಬೀಜಿ ಹತ್ತಿರ 'ಕೋಡಾ' ಅಂತ ನಮ್ಮ ಥರ ಸಪಾಟಾಗಿ ಹೇಳಿದರೆ, ಅವರಿಗೆ ಅದು ಚಾಟಿ. ದನಿ ತಗ್ಗಿಸಿ ಹೇಳಿದರೆ ಕುದುರೆ. ಅಂಗಳದಲ್ಲಿ ಸಾಸಿವೆ ಸೊಪ್ಪು ಸೋಸುತ್ತಾ ಕೂತಲ್ಲೇ ನನ್ನ ಕೈಯಲ್ಲಿ ಎಷ್ಟು ಸಲ ಹೇಳಿಸಿದ್ದಾರೋ. ಗದ್ದ ಎದೆಗೆ ತಾಗಿಸಿ ಹೇಳು ಅನ್ನುತ್ತಿದ್ದರು. ಹಾಗೆ ಮಾಡಿದ ಮೇಲೇ ನನಗೆ ಬಂದದ್ದು.

ಬುಯಾಂಗ್‌ನಲ್ಲೂ ಹೀಗೇ ಏನಾದರೂ ಬಿದ್ದುಹೋಗಿ ಟೋನ್ ಬಂದದ್ದಾ?

ಹಳೆ ಟೇಪು

ಅಮ್ಮಾ, ನಾನು ಎರಡು ಪುಟ ಬರೆದರೂ ಇಷ್ಟು ಸ್ಪಷ್ಟವಾಗಿ ಹೇಳಲು ಆಗುತ್ತಿರಲಿಲ್ಲ. ಹೌದು, ದಾರಿ ಅದೇ. ಪಂಜಾಬಿಯಲ್ಲಿ ಘ, ಧ, ಭ ಹೋದವು, ಹೋದ ಜಾಗದಲ್ಲಿ ದನಿಯ ತಗ್ಗು ಉಳಿಯಿತು.

ಗ, ದ, ಬ ಹೇಳುವಾಗ ದನಿ ಚೂರು ಕೆಳಗಿರುತ್ತದೆ, ಕ, ತ, ಪ ಹೇಳುವಾಗ ಚೂರು ಮೇಲಿರುತ್ತದೆ. ಕತ್ತಿನ ಮೇಲೆ ಬೆರಳಿಟ್ಟು 'ಗಾ', 'ಕಾ' ಅಂತ ಹೇಳಿ ನೋಡಿ, ಗಂಟಲು ನಡುಗಲು ಶುರುವಾಗುವ ಹೊತ್ತೇ ಬೇರೆ. ನಮಗೆ ಆ ವ್ಯತ್ಯಾಸ ಲೆಕ್ಕಕ್ಕೇ ಬರುವುದಿಲ್ಲ. ಮುಂದೆ ಗ ಮತ್ತು ಕ ಬೆರೆತು ಒಂದಾದರೆ, ಅಷ್ಟು ದಿನ ಯಾರೂ ಗಮನಿಸದಿದ್ದ ಆ ತಗ್ಗು ಎತ್ತರವೇ ಅರ್ಥ ಹೊರಬೇಕಾಗುತ್ತದೆ. ಪದದ ಕೊನೆಯ ದನಿಗಳು ಬಿದ್ದರೂ ಹಾಗೇ. ವಿಯೆಟ್ನಾಮೀಸ್‌ನಲ್ಲಿ ಟೋನ್ ಹೀಗೆ ಹುಟ್ಟಿತು ಅಂತ ಆಂದ್ರೆ ಓದ್ರಿಕೂರ್ 1954ರಲ್ಲಿ ತೋರಿಸಿದರು. ಕ್ರಾ-ದಾಯ್ ಭಾಷೆಗಳ ಟೋನ್‌ಗಳನ್ನೂ ಇದೇ ದಾರಿಯಲ್ಲಿ ಅರ್ಥ ಮಾಡಿಕೊಳ್ಳುತ್ತಾರೆ.

ಹಾಗಾಗಿ ಟೋನ್ ಅಂದರೆ ಹಾಡು ಅಲ್ಲ. ಹೋದ ವ್ಯಂಜನದ ಗುರುತು.

ಕ್ರಾ ಗುಂಪಿನಲ್ಲಿ ಒಬ್ಬೊಬ್ಬರು ಒಂದೊಂದು ಉಳಿಸಿಕೊಂಡಿದ್ದಾರೆ, ಅದೇ ನನಗೆ ಸೋಜಿಗ. ಗೆಲಾವೊ ಭಾಷೆ ಪದದ ಕೊನೆಯ ಪ್, ತ್, ಕ್ ಎಲ್ಲ ಕಳೆದುಕೊಂಡಿದೆ, ಆದರೆ ಗಂಟಲಿನ ಕ಼ ಗಟ್ಟಿಯಾಗಿದೆ. ವಿಯೆಟ್ನಾಂನ ಲಾಹಾ ಭಾಷೆ ಪದದ ಕೊನೆಗೆ 'ಲ್' ಇಟ್ಟುಕೊಂಡಿದೆ. ಥಾಯ್‌ನವರಿಗೆ ಕೊನೆಯಲ್ಲಿ 'ಲ್' ಬಾರದು, ಹೊರಗಿನಿಂದ ಬಂದ ಪದದಲ್ಲೂ ಅದನ್ನು 'ನ್' ಮಾಡುತ್ತಾರೆ. ಬುಯಾಂಗ್ ಹತ್ತಿರ ಮುಂದಿನ ಅಕ್ಷರ ಇದೆ. ಯಾವುದೇ ಒಂದು ಹೋದರೂ ಅದರ ಪಾಲಿನದು ಅದರ ಜೊತೆಗೇ ಹೋಗುತ್ತದೆ.

ಜನ ಎಷ್ಟು ಅಂತ ಯಾರಾದರೂ ಕೇಳುತ್ತೀರಿ, ಅದಕ್ಕೆ ಹೇಳಿಬಿಡುತ್ತೇನೆ. ಚೀನಾದಲ್ಲಿ ಗೆಲಾವೊ ಅಂತ ಬರೆಸಿಕೊಂಡವರು 2010ರ ಗಣತಿಯಲ್ಲಿ ಐದೂವರೆ ಲಕ್ಷ. ಭಾಷೆ ಆಡುವವರು ಕೆಲವೇ ಸಾವಿರ. ಉತ್ತರ ವಿಯೆಟ್ನಾಂನ ಪು ಪೆಒ ಜನ, ಅವರದೂ ಕ್ರಾ ಭಾಷೆಯೇ, 2009ರ ಗಣತಿಯಲ್ಲಿ 687. ಅಲ್ಲಿ ಅವರನ್ನು 54 ಜನಾಂಗಗಳಲ್ಲಿ ಒಂದು ಅಂತ ಪ್ರತ್ಯೇಕವಾಗಿ ಎಣಿಸುತ್ತಾರೆ. ಬುಯಾಂಗ್ ಜನರಿಗೆ ಚೀನಾದ ಲೆಕ್ಕದಲ್ಲಿ ಸ್ವಂತ ಕಾಲಂ ಇಲ್ಲ. ಚ್ವಾಂಗ್ ಜನರ ಜೊತೆ ಸೇರಿಸಿಬಿಟ್ಟಿದ್ದಾರೆ. ಒಂದೂವರೆ ಕೋಟಿಗೂ ಜಾಸ್ತಿ ಇರುವ ಚ್ವಾಂಗ್ ಜನರ ನಡುವೆ ಎರಡು ಸಾವಿರ ಕಾಣುವುದಾದರೂ ಹೇಗೆ?

ನೇರ ಮಾತು

ಪ-ಹ ಉದಾಹರಣೆ ಕೊಟ್ಟ ಮೇಲೆ ನನಗೆ ಸಮಾಧಾನ ಆಯಿತು ಸರ್. ಲ ಇರುವಲ್ಲಿ ದ಼, ಎರಡು ಪದದಲ್ಲೂ. ಇದನ್ನು ಮೊದಲೇ ಹೇಳಿದ್ದರೆ ನಾನು ಗ್ರೀಕ್‌ವರೆಗೆ ಹೋಗುತ್ತಿರಲಿಲ್ಲ. ಥರ್ಗುಡ್ ಅವರ ವಾದವನ್ನೂ ಓದುತ್ತೇನೆ.

ಕನ್ನಡಕದಂಗಡಿ (ಇಪೋ, ಮಲೇಷ್ಯಾ)

ಎಲ್ಲರಿಗೂ ತುಂಬಾ ಧನ್ಯವಾದ. ಮೂರು ದಿನ ಉತ್ತರ ಬರೆಯಲು ಆಗಲಿಲ್ಲ, ಶಾಲೆ ಮಕ್ಕಳ ತಪಾಸಣೆ ಇತ್ತು.

ನಮ್ಮ ಅಂಗಡಿ ಕ್ಲೀನ್ ಮಾಡಲು ಒಬ್ಬರು ಅಕ್ಕ ಬರುತ್ತಾರೆ. ಪೂರ್ವ ಜಾವಾದವರು, ಅರವತ್ತರ ಹತ್ತಿರ ವಯಸ್ಸು. ಇವತ್ತು ಬೆಳಿಗ್ಗೆ ಶಟರ್ ಎತ್ತುವ ಮೊದಲೇ ಕೇಳಿದೆ, ನಿಮ್ಮ ಊರಿನ ಮಾತಲ್ಲಿ ಹತ್ತರವರೆಗೆ ಎಣಿಸಿ ಅಂತ. ಮಾಪ್ ಗೋಡೆಗೆ ಒರಗಿಸಿ ಬೆರಳು ಮಡಿಸುತ್ತಾ ಎಣಿಸಿದರು. ಲಿಮೊ, ಎನೆಮ್, ಪಿತು, ವೊಲು. ವೊಲು! ಟೇಪು ಸರ್, ನಿಮ್ಮ 'ವಲು' ನನ್ನ ಮುಂದೆಯೇ ನಿಂತಿತ್ತು. ಇಷ್ಟು ವರ್ಷ ಮಲಯ್‌ನ 'ಲಪನ್' ಒಂದನ್ನೇ ಕೇಳಿಕೊಂಡಿದ್ದೆ ನಾನು.

ಹಕ್ಕಿಗೆ ಏನಂತೀರಿ ಅಂದೆ. ಮಲಯ್‌ನಲ್ಲಿ ಬುರುಂಗ್, ನಮ್ಮ ಊರಲ್ಲಿ 'ಮನುಕ್' ಅಂದರು. ಕಣ್ಣಿಗೆ? 'ಮಾತಾ'ನೇ, ಆದರೆ ಅವರ ಬಾಯಲ್ಲಿ ಅದು 'ಮೊತೊ' ಅಂತ ಕೇಳಿಸಿತು.

ಚೀನಾದ ಬೆಟ್ಟದಲ್ಲಿ ಎರಡು ಸಾವಿರ ಜನ ಹಕ್ಕಿಗೆ ಮನುಕ್ ಅನ್ನುತ್ತಾರಂತೆ ಅಂತ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ಆಮೇಲೆ, ಅವರು ಅಕ್ಕಿ ಬೆಳೆಯುತ್ತಾರಾ ಅಂತ ಕೇಳಿದರು. ಬೆಳೆಯುತ್ತಾರೆ ಅಂದುಕೊಂಡಿದ್ದೇನೆ ಅಂದೆ. ಸರ್, ಅದೊಂದು ನಿಮಗೆ ಗೊತ್ತಿದ್ದರೆ ತಿಳಿಸಿ, ನಾಳೆ ಅವರಿಗೆ ಹೇಳಬೇಕು.

ಪರೀಕ್ಷೆಯ ಕೋಣೆ ಖಾಲಿ ಇದ್ದಾಗ ಬಾಗಿಲು ಹಾಕಿಕೊಂಡು ಫೋನಿನಲ್ಲಿ ರೆಕಾರ್ಡ್ ಮಾಡಿ ನೋಡಿದೆ. ಕೈಯನ್ನು ಹಣೆ ಮಟ್ಟಕ್ಕೆ ಎತ್ತಿ ಚೂರೇ ಇಳಿಸಿ 'ಮ-ತಾ'. ಸೊಂಟದ ಮಟ್ಟದಲ್ಲಿ ನೇರವಾಗಿ 'ಮ-ನುಕ್'. ಕೇಳಿದರೆ ಟೋನ್ ಪರವಾಗಿಲ್ಲ, ಆದರೆ 'ಮ' ಇನ್ನೂ ದಪ್ಪ ಇದೆ. ದಿನಾ ಮಲಯ್ ಆಡುವ ಬಾಯಿ ಅಲ್ವಾ. ನಾಳೆ ಮತ್ತೆ ಮಾಡುತ್ತೇನೆ.